‘ಫಿಟ್ಟೆಸ್ಟ್’ ತಂದಿಟ್ಟ ಫಜೀತಿ

ಡಾರ್ವಿನ್ನನ ಹೆಸರಿನಲ್ಲಿ ಓಡಾಡುವ ‘ಸರ್ವೈವಲ್ ಆಫ್ ದ ಫಿಟ್ಟೆಸ್ಟ್’ ಅವನ ಮಾತಲ್ಲ. ತತ್ವಜ್ಞಾನಿ ಹರ್ಬರ್ಟ್ ಸ್ಪೆನ್ಸರ್ 1864ರಲ್ಲಿ ತನ್ನ ಜೀವಶಾಸ್ತ್ರದ ಗ್ರಂಥದಲ್ಲಿ ಹೊಸೆದದ್ದು. 1859ರ ‘ಆರಿಜಿನ್ ಆಫ್ ಸ್ಪೀಷೀಸ್’ನ ಮೊದಲ ಮುದ್ರಣದಲ್ಲಿ ಅದು ಇಲ್ಲವೇ ಇಲ್ಲ. ಡಾರ್ವಿನ್ನನ ‘ನಿಸರ್ಗದ ಆಯ್ಕೆ’ ಎಂದರೆ ಯಾರೋ ಕೂತು ಆರಿಸುತ್ತಿದ್ದಾರೆಂದು ಜನ ತಿಳಿಯುತ್ತಾರೆ, ಸ್ಪೆನ್ಸರನ ಮಾತೇ ವಾಸಿ ಎಂದು 1866ರಲ್ಲಿ ಜೀವವಿಜ್ಞಾನಿ ವ್ಯಾಲೇಸ್ ಅವನಿಗೆ ಪತ್ರ ಬರೆದ. ತನ್ನ ‘ಆರಿಜಿನ್’ ಪ್ರತಿಯಲ್ಲಿ ಹಳೆಯ ಪದವನ್ನು ಹೊಡೆದು ಹೊಸದನ್ನು ಬರೆದುಕೊಂಡೂ ಇದ್ದ. ಡಾರ್ವಿನ್ ಒಪ್ಪಿದ, 1869ರ ಐದನೆಯ ಆವೃತ್ತಿಯಲ್ಲಿ ಅದು ಅಧ್ಯಾಯದ ಶೀರ್ಷಿಕೆಗೇ ಏರಿತು.

ಇದು ನಷ್ಟದ ವ್ಯಾಪಾರ. ಒಂದು ಅಪಾರ್ಥ ತಪ್ಪಿಸಲು ಹೋಗಿ ಅದಕ್ಕಿಂತ ಕೆಟ್ಟದ್ದನ್ನು ಮನೆಗೆ ಕರೆದಂತಾಯಿತು. ಅಲ್ಲಿ ‘ಫಿಟ್’ ಎಂದರೆ ಇದ್ದ ಪರಿಸರಕ್ಕೆ ಒಗ್ಗಿದ್ದು. ದರ್ಜಿ ಹೊಲಿದ ಅಂಗಿ ಮೈಗೆ ಫಿಟ್ ಆಯಿತು ಅನ್ನುತ್ತೇವಲ್ಲ, ಆ ಅರ್ಥ. ನಾವು ಕೇಳಿಸಿಕೊಳ್ಳುವುದು ಮಾತ್ರ ಜಿಮ್ಮಿನ ಫಿಟ್. ಕನ್ನಡದಲ್ಲೂ ‘ಬಲಿಷ್ಠರ ಉಳಿವು’ ಎಂದು ಬರೆಯುವವರು ಕಡಿಮೆಯಿಲ್ಲ. ಲಾಡಿಹುಳುವಿಗೆ ಬಾಯಿಲ್ಲ, ಕರುಳಿಲ್ಲ, ಕಣ್ಣೂ ಇಲ್ಲ. ಇನ್ನೊಬ್ಬರ ಕರುಳಿನಲ್ಲಿ ಅದು ಸುಖವಾಗಿದೆ. ಯಾವ ಬಲದಿಂದ?

ಸಿಕಲ್ ಸೆಲ್ ಎಂಬ ರಕ್ತರೋಗದ ಜೀನ್ ಇನ್ನೂ ಒಳ್ಳೆಯ ಉದಾಹರಣೆ. ತಂದೆ ತಾಯಿ ಇಬ್ಬರಿಂದಲೂ ಬಂದರೆ ರೋಗ, ಜೀವಕ್ಕೇ ಸಂಚಕಾರ. ಒಬ್ಬರಿಂದಷ್ಟೇ ಬಂದರೆ ತೀವ್ರ ಮಲೇರಿಯಾದಿಂದ ರಕ್ಷಣೆ. ಸೊಳ್ಳೆಯ ಕಾಟವಿರುವ ಕಡೆ ಲಾಭ, ಇಲ್ಲದ ಕಡೆ ಬರೀ ಹೊರೆ. ಇಂಥದ್ದನ್ನು ಊರು ಕೇಳದೆ ‘ಫಿಟ್’ ಅನ್ನುವುದಾದರೂ ಹೇಗೆ?

ಇನ್ನು ಆ ‘ಎಸ್ಟ್’ ಪ್ರತ್ಯಯ. ನಿಸರ್ಗದಲ್ಲಿ ಮೊದಲ ರ‍್ಯಾಂಕ್ ಬೇಕಿಲ್ಲ, ಪಾಸಾದರೆ ಸಾಕು. ಪಕ್ಕದವನಿಗಿಂತ ತುಸು ವಾಸಿಯಿದ್ದರೆ ತಲೆಮಾರು ಮುಂದುವರಿಯುತ್ತದೆ. ‘ಅತ್ಯಂತ’ ಎಂದೊಡನೆ ಒಬ್ಬನೇ ಗೆದ್ದು ಉಳಿದವರೆಲ್ಲ ಸತ್ತ ಚಿತ್ರ ಬರುತ್ತದೆ. ನೌಕರರನ್ನು ಮನೆಗೆ ಕಳಿಸುವ ಕಂಪನಿಗಳಿಗೂ ಕೋಚಿಂಗ್ ಕೇಂದ್ರಗಳಿಗೂ ಬೇಕಾದದ್ದು ಈ ಚಿತ್ರವೇ.

ಜೀವವಿಜ್ಞಾನಿಗಳು ಈಗ ಈ ನುಡಿಗಟ್ಟನ್ನು ಬಳಸುವುದು ಅಪರೂಪ. ಅವರ ‘ಫಿಟ್‌ನೆಸ್’ ಸಂತಾನದ ಲೆಕ್ಕ. ಆ ಲೆಕ್ಕದಲ್ಲಿ, ಮದುವೆಯೇ ಆಗದ, ಮಕ್ಕಳಿಲ್ಲದ ಸ್ಪೆನ್ಸರನಿಗೆ ಸಿಗುವುದು ಸೊನ್ನೆ. ದಶಕಗಳ ಕಾಲ ಕಾಯಿಲೆಯಲ್ಲಿ ನರಳಿದ ಡಾರ್ವಿನ್ನನಿಗೆ ಹತ್ತು ಮಕ್ಕಳು. ಏಳು ಜನ ದೊಡ್ಡವರಾದರು.