ತಮಟೆ ಬಡಿದವರು ಎಲ್ಲಿ?

ನಮ್ಮ ತಾತನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಸಿದ್ಧಲಿಂಗಯ್ಯನವರ ಹಾಡುಗಳು ಬರುತ್ತಿದ್ದವು. ‘ಹೊಲೆಮಾದಿಗರ ಹಾಡು’ ಅಚ್ಚಾದದ್ದು 1975ರಲ್ಲಿ. ತಾತ ಆ ಪುಸ್ತಕವನ್ನು ಸಾಯುವ ತನಕ ಕಂಡವನಲ್ಲ. ಕೋಲಾರದ ಕಡೆಯ ಸಭೆಗಳಲ್ಲಿ ತಮಟೆ ಬಡಿದು ಹಾಡಿದ್ದನ್ನು ಕೇಳಿಸಿಕೊಂಡು ಬಂದು ಹೊಲದಲ್ಲಿ, ಕೇರಿಯಲ್ಲಿ ಹಾಡಿಕೊಳ್ಳುತ್ತಿದ್ದ. ಮರೆತ ಕಡೆ ತನ್ನದೇ ಒಂದು ಸಾಲು ಸೇರಿಸುತ್ತಿದ್ದ. ಮುಂದೆ ಎಂ.ಎ. ಓದುವಾಗ ಅವೇ ಹಾಡುಗಳನ್ನು ಪುಸ್ತಕದಲ್ಲಿ ನೋಡಿದೆ. ಇವು ತಾತನ ಹಾಡಲ್ಲ ಅನ್ನಿಸಿತು.

ಹೀಗೆ ಯಾಕೆ ಅನ್ನಿಸಿತು ಎಂಬುದು ವಿಮರ್ಶೆಯ ಪ್ರಶ್ನೆ ಎಂದು ನನ್ನ ನಂಬಿಕೆ. ಈ ಕಾವ್ಯವನ್ನು ‘ಬರೀ ಘೋಷಣೆ, ಅಬ್ಬರ’ ಎಂದವರು ನವ್ಯರ ಅಳತೆಗೋಲು ಹಿಡಿದಿದ್ದರು. ಪ್ರತಿಮೆ ಎಲ್ಲಿ, ಸಂಯಮ ಎಲ್ಲಿ ಎಂದು ಕೇಳಿದರು. ಅದನ್ನು ಸಮರ್ಥಿಸಿದ ನಮ್ಮವರು ಸಿಟ್ಟು, ಪ್ರತಿಭಟನೆ, ಆಶಯ ಎಂದರು. ಇಬ್ಬರೂ ನೋಡಿದ್ದು ಅಚ್ಚಾದ ಹಾಳೆಯನ್ನೇ. ಹಾಳೆಯ ಮೇಲೆ ಬಡತನದಂತೆ ಕಾಣುವ ಪುನರುಕ್ತಿ ಬೀದಿಯಲ್ಲಿ ಬೇರೆಯೇ ಕೆಲಸ ಮಾಡುತ್ತದೆ. ಹಾಡುವವನು ಒಂದು ಸಾಲು ಎತ್ತುತ್ತಾನೆ, ಜನ ಅದನ್ನು ತಿರುಗಿಸಿ ಕೊಡುತ್ತಾರೆ, ನಡುವೆ ತಮಟೆ. ಎಷ್ಟು ಸಲ ತಿರುಗಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂದು ತೀರ್ಮಾನಿಸುವವನು ಕವಿಯಲ್ಲ. ಎದುರಿಗಿರುವವರ ಮುಖ ನೋಡಿಕೊಂಡು ಹಾಡುವವನೇ ತೀರ್ಮಾನಿಸುತ್ತಾನೆ. ಹಾಗಾದರೆ ಪಠ್ಯದ ಅರ್ಧ ಅವನದು.

ಪಿಚ್ಚಳ್ಳಿ ಶ್ರೀನಿವಾಸ್, ಗೊಲ್ಲಹಳ್ಳಿ ಶಿವಪ್ರಸಾದ್, ಮೈಸೂರಿನ ಜನ್ನಿ, ಇವರ ಹೆಸರುಗಳನ್ನು ನಾವು ವೇದಿಕೆಯ ಮೇಲೆ ಕೂಗುತ್ತೇವೆ. ವಿಮರ್ಶೆಯ ಪುಸ್ತಕದಲ್ಲಿ ಇವರು ಎಲ್ಲಿದ್ದಾರೆ? ಅವರ ಪಕ್ಕ ನಿಂತು ತಮಟೆ ಬಡಿದವರಿಗೆ ವೇದಿಕೆಯ ಮೇಲೂ ಹೆಸರಿಲ್ಲ.

ಹಾಗಂತ ತಮಟೆಯನ್ನು ಹೊಗಳಲು ಅವಸರ ಮಾಡಬಾರದು. ನಮ್ಮ ಜನಕ್ಕೆ ಅದು ಮೊದಲಿಗೆ ಕಲೆಯಾಗಿರಲಿಲ್ಲ, ಬಿಟ್ಟಿಯಾಗಿತ್ತು. ಮೇಲಿನ ಬೀದಿಯಲ್ಲಿ ಸಾವಾದರೆ ಹೋಗಲೇಬೇಕು. ಬೆಂಕಿಗೆ ಹಿಡಿದು ಚರ್ಮ ಕಾಯಿಸಬೇಕು, ಹೆಣದ ಮುಂದೆ ಬಡಿಯಬೇಕು. ಚಳವಳಿಯ ಕಾಲದಲ್ಲಿ ಕೆಲವರು ‘ಈ ತಮಟೆಯನ್ನೇ ಬಿಸಾಕಿ’ ಅಂದರು, ಕೆಲವರು ‘ನಮ್ಮ ಹೋರಾಟಕ್ಕೆ ಬಡಿಯೋಣ’ ಅಂದರು. ಎರಡೂ ನಿಜ. ತಾತ ಸಾವಿಗೆ ಹೋಗುವುದನ್ನು ಬಿಟ್ಟ. ಆದರೆ ತಮಟೆಯನ್ನು ಗೋಡೆಯಿಂದ ಇಳಿಸಿ ಎಸೆಯಲಿಲ್ಲ. ಅಂಬೇಡ್ಕರ್ ಜಯಂತಿಗೆ ಅದನ್ನೇ ಕಾಯಿಸಿದ. ಅದೇ ಚರ್ಮ, ಅವೇ ಎರಡು ಕಡ್ಡಿ, ಕೆಲವು ಸಲ ವರಸೆಯೂ ಅದೇ. ಬದಲಾದದ್ದು ಒಂದೇ. ಈಗ ಅವನು ‘ಒಲ್ಲೆ’ ಅನ್ನಬಹುದಾಗಿತ್ತು. ಹಾಡಿನ ಲಯವನ್ನು ಕುರಿತು ಮಾತಾಡುವ ಮೊದಲು, ಬಡಿಯುವವನಿಗೆ ಒಲ್ಲೆ ಅನ್ನುವ ಹಕ್ಕಿತ್ತೇ ಎಂದು ಕೇಳದ ಸೌಂದರ್ಯಮೀಮಾಂಸೆ ನಮಗೆ ಬೇಡ.

2023ರಲ್ಲಿ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ನಮ್ಮ ಕೇರಿಯಲ್ಲಿ ಅವತ್ತು ಖುಷಿಪಟ್ಟವರಲ್ಲಿ ನಾನೂ ಒಬ್ಬ. ಆದರೆ ಇಂಥ ಸಂದರ್ಭಗಳಲ್ಲೆಲ್ಲ ಬಳಕೆಯಾಗುವ ‘ಜನಪದ’ ಎಂಬ ಮಾತು ನನ್ನನ್ನು ಕಾಡುತ್ತದೆ. ಆ ಮಾತು ಕಲೆಯನ್ನು ಎಲ್ಲರದೂ ಮಾಡುತ್ತದೆ. ಅದರ ಹಿಂದಿನ ಜಾತಿಯನ್ನು, ಅವಮಾನವನ್ನು ಯಾರದೂ ಅಲ್ಲದಂತೆ ಮಾಡುತ್ತದೆ.

ಒಮ್ಮೆ ಕಾಲೇಜಿನ ಸಮಾರಂಭಕ್ಕೆ ತಮಟೆ ತಂಡ ಬಂದಿತ್ತು. ‘ನಮ್ಮ ನಾಡಿನ ಹೆಮ್ಮೆಯ ಜನಪದ ಕಲಾವಿದರು’ ಎಂದು ಮೈಕಿನಲ್ಲಿ ಹೇಳಿದರು, ಹುಡುಗರು ಶಿಳ್ಳೆ ಹೊಡೆದು ಕುಣಿದರು. ನನ್ನ ಕ್ಲಾಸಿನ ಒಬ್ಬ ಹುಡುಗ ಮಾತ್ರ ತಲೆ ಬಗ್ಗಿಸಿ ನಿಂತಿದ್ದ. ಸಂಜೆ ಸ್ಟಾಫ್ ರೂಮಿಗೆ ಬಂದು, “ಸಾರ್, ಮುಂದೆ ಬಡೀತಿದ್ದೋರು ನಮ್ಮಪ್ಪ. ಯಾರಿಗೂ ಹೇಳ್ಬೇಡಿ ಸಾರ್” ಅಂದ.

ನನಗೆ ಏನು ಹೇಳಲೂ ತೋಚಲಿಲ್ಲ. ವಾರ ಬಿಟ್ಟು ಕರೆದು ಕೇಳಿದೆ: ಸಾವಿಗೆ ಯಾವ ವರಸೆ, ಮದುವೆಗೆ ಯಾವುದು, ದೇವರ ಮೆರವಣಿಗೆಗೆ ಯಾವುದು, ಅಪ್ಪನ ಹತ್ತಿರ ಕೂತು ಬರೆದುಕೊಂಡು ಬಾ. ಸೆಮಿನಾರಿನಲ್ಲಿ ಓದೋಣ, ಮೇಲೆ ಅಪ್ಪನ ಹೆಸರಿರಲಿ. ಅವನು ಇನ್ನೂ ‘ಆಯ್ತು’ ಅಂದಿಲ್ಲ. ಒಲ್ಲೆ ಅಂದರೆ, ಅದೂ ಅವನ ಹಕ್ಕೇ.