ಬೇಳೆ, ತಟ್ಟೆ ಮತ್ತು ಸರ್ಕಾರಿ ಆದೇಶ

2021ರ ಡಿಸೆಂಬರ್ ಮೊದಲ ವಾರ ಬೆಂಗಳೂರಿನಲ್ಲಿ ಕೋವಿಡ್‌ನ ಓಮಿಕ್ರಾನ್ ತಳಿ ಪತ್ತೆಯಾದದ್ದೇ ತಡ, ರಾಜ್ಯ ಸರ್ಕಾರ ಆದೇಶ ಹೊರಡಿಸಿತು: ಲಸಿಕೆಯ ಎರಡು ಡೋಸ್ ಆಗದವರಿಗೆ ಮಾಲ್, ಚಿತ್ರಮಂದಿರಗಳಿಗೆ ಪ್ರವೇಶವಿಲ್ಲ. ಶಾಲೆಗೆ ಹೋಗುವ ಮಕ್ಕಳ ತಂದೆತಾಯಿಗೂ ಎರಡು ಡೋಸ್ ಆಗಿರಬೇಕು. ಬಾಗಿಲಲ್ಲಿ ನಿಂತ ಸೆಕ್ಯುರಿಟಿಯವರು ‘ಸರ್ಟಿಫಿಕೇಟ್ ತೋರ್ಸಿ’ ಎನ್ನುವುದು, ಬಂದವರು ಮೊಬೈಲಿನ ಸ್ಕ್ರೀನ್‌ಶಾಟ್ ಎತ್ತಿ ಹಿಡಿಯುವುದು, ಹೆಸರನ್ನೂ ಓದದೆ ಒಳಗೆ ಬಿಡುವುದು. ತಪಾಸಣೆ ಸಡಿಲವಾಗಿತ್ತು ಎಂಬುದು ಸಣ್ಣ ತಕರಾರು. ಲಸಿಕೆ ಹಾಕಿಸಿಕೊಳ್ಳದವರೆಲ್ಲ ಹಟಮಾರಿಗಳು ಎಂದು ಆದೇಶವೇ ಮೊದಲು ತೀರ್ಮಾನಿಸಿಬಿಟ್ಟಿತ್ತಲ್ಲ, ನನ್ನ ಆಕ್ಷೇಪ ಅದಕ್ಕೆ.

ರಾಜಸ್ಥಾನದ ಉದಯಪುರ ಜಿಲ್ಲೆಯಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು ನಡೆಸಿ 2010ರಲ್ಲಿ ಪ್ರಕಟಿಸಿದ, ಮಕ್ಕಳ ಲಸಿಕೆ ಕುರಿತ ಅಧ್ಯಯನವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಏನೂ ಮಾಡದೆ ಬಿಟ್ಟ ಹಳ್ಳಿಗಳಲ್ಲಿ ಎಲ್ಲ ಚುಚ್ಚುಮದ್ದು ಪೂರೈಸಿದ್ದ ಮಕ್ಕಳು ಶೇ. 6. ತಿಂಗಳಿಗೊಮ್ಮೆ ತಪ್ಪದೆ ಶಿಬಿರ ನಡೆದ ಕಡೆ ಶೇ. 18. ಶಿಬಿರದ ಜೊತೆಗೆ ಪ್ರತಿ ಚುಚ್ಚುಮದ್ದಿಗೆ ಒಂದು ಕಿಲೋ ಬೇಳೆ, ಎಲ್ಲ ಮುಗಿದ ಮೇಲೆ ಊಟದ ತಟ್ಟೆಗಳ ಸೆಟ್ ಕೊಟ್ಟಲ್ಲಿ ಶೇ. 39. ಇದನ್ನು ಲಂಚವೆಂದು ಮೂಗು ಮುರಿಯುವವರಿದ್ದಾರೆ. ಮಗುವನ್ನು ಕಂಕುಳಲ್ಲಿಟ್ಟುಕೊಂಡು ಶಿಬಿರಕ್ಕೆ ನಡೆಯುವ ತಾಯಿಗೆ ಅವತ್ತಿನ ಕೂಲಿ ಹೋಗುತ್ತದೆ, ರಾತ್ರಿ ಮಗುವಿಗೆ ಜ್ವರ ಬರುತ್ತದೆ. ಬೇಳೆ ಆ ನಷ್ಟಕ್ಕೆ ಸಿಕ್ಕ ಅಲ್ಪ ಪರಿಹಾರ, ಅಷ್ಟೆ. ಇನ್ನೊಂದು ಸಂಗತಿ: ಬೇಳೆ ಕೊಟ್ಟ ಶಿಬಿರಗಳಲ್ಲಿ ಮಗುವೊಂದಕ್ಕೆ ತಗುಲಿದ ಖರ್ಚು ಕಡಿಮೆಯೇ ಬಿತ್ತು. ನರ್ಸು ಹೇಗೂ ದಿನವಿಡೀ ಕೂತಿರುತ್ತಾರೆ. ಹೆಚ್ಚು ಮಕ್ಕಳು ಬಂದರೆ ಅದೇ ಸಂಬಳ ಹೆಚ್ಚು ಮಕ್ಕಳ ಲೆಕ್ಕಕ್ಕೆ ಹಂಚಿಹೋಗುತ್ತದೆ.

ಆದರೂ ನೂರಕ್ಕೆ ಅರವತ್ತೊಂದು ಮಕ್ಕಳು ಹೊರಗೇ ಉಳಿದರು. ಬೇಳೆಗೆ ಅಷ್ಟೇ ಶಕ್ತಿ.

ಕಡ್ಡಾಯಕ್ಕೂ ತಕ್ಕ ಜಾಗವಿದೆ. ಇಟಲಿ 2017ರಲ್ಲಿ ಕಡ್ಡಾಯ ಲಸಿಕೆಗಳನ್ನು ನಾಲ್ಕರಿಂದ ಹತ್ತಕ್ಕೇರಿಸಿ, ಹಾಕಿಸದ ಪುಟ್ಟ ಮಕ್ಕಳಿಗೆ ನರ್ಸರಿ ಪ್ರವೇಶ ನಿರಾಕರಿಸಿತು. 2016ರಲ್ಲಿ ಶೇ. 87ರಷ್ಟಿದ್ದ ದಡಾರ ಲಸಿಕೆ 2019ಕ್ಕೆ ಶೇ. 94 ದಾಟಿತು. ಅಲ್ಲಿ ಲಸಿಕೆ ಕೈಗೆಟುಕುವಲ್ಲಿತ್ತು, ಮನಸ್ಸು ಮಾತ್ರ ಹಿಂದೇಟು ಹಾಕುತ್ತಿತ್ತು. ನರ್ಸೇ ಬಾರದ ಹಳ್ಳಿಯಲ್ಲಿ ಇದೇ ಕಾನೂನು ಬರೀ ಶಿಕ್ಷೆಯಾಗುತ್ತದೆ.

2022ರ ಮೇ 2ರಂದು, ಕೋವಿಡ್ ಲಸಿಕೆಯ ಕಡ್ಡಾಯವನ್ನು ಪ್ರಶ್ನಿಸಿದ್ದ ಜೇಕಬ್ ಪುಲಿಯೇಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ, ಆಗಿನ ಸ್ಥಿತಿಯಲ್ಲಿ ರಾಜ್ಯಗಳ ನಿರ್ಬಂಧಗಳು ಪ್ರಮಾಣ ಮೀರಿದವು ಎಂದಿತು. ಜನಾರೋಗ್ಯದ ಹಿತಕ್ಕಾಗಿ ಮಿತವಾದ ನಿರ್ಬಂಧ ಹೇರುವ ದಾರಿಯನ್ನೂ ತೆರೆದಿಟ್ಟಿತು. ಚರ್ಚೆಯೆಲ್ಲ ಈ ಎರಡು ಮಾತುಗಳ ಸುತ್ತ ಗಿರಕಿ ಹೊಡೆಯಿತು. ಅಡ್ಡಪರಿಣಾಮಗಳ ವರದಿಯನ್ನು ಜನರೇ ಸಲ್ಲಿಸುವಂತೆ, ಎಲ್ಲರೂ ನೋಡುವಂತೆ ವ್ಯವಸ್ಥೆ ಮಾಡಿ ಎಂದು ಕೇಂದ್ರಕ್ಕೆ ಕೊಟ್ಟ ನಿರ್ದೇಶನವನ್ನು ಕೇಳಿದವರೇ ಕಡಿಮೆ. ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಹೋಗಿ ‘ಹಾಕಿಸ್ಕೊಳ್ಳಿ’ ಎಂದಾಗ ‘ಏನಾದ್ರೂ ಆದ್ರೆ?’ ಎಂಬ ಪ್ರಶ್ನೆ ಎದುರಾಗುತ್ತದೆ. ಅದಕ್ಕೆ ಅವರ ಕೈಯಲ್ಲಿ ಏನಾದರೂ ಉತ್ತರ ಇಟ್ಟರೆ ಆ ನಿರ್ದೇಶನವೇ ಇಡಬೇಕು.