ಶಿಶುಗ್ರಂಥವೂ ಪ್ರಕಾಶಕನೂ: ‘ಪೀಟರ್ ಮೊಲದ ಕಥೆ’ಯ ಪ್ರಕಟನೆಯನ್ನು ಕುರಿತ ವಿಮರ್ಶೆ

ಗ್ರಂಥವು ಅಚ್ಚಾಗಿ ಕೈಸೇರಿದ ಬಳಿಕ ಅದರ ಗುಣದೋಷಗಳನ್ನು ವಿವೇಚಿಸುವುದೇ ವಿಮರ್ಶಕನ ಕೆಲಸವೆಂದೂ, ಅದು ಅಚ್ಚಾದ ಬಗೆಯನ್ನು ವಿಚಾರಿಸುವುದು ವ್ಯಾಪಾರಿಗಳ ಮಾತೆಂದೂ ಸಾಮಾನ್ಯವಾದ ಅಭಿಪ್ರಾಯವುಂಟು. ಮಹಾಕಾವ್ಯಗಳ ವಿಷಯದಲ್ಲಿ ಇದು ಬಹುಮಟ್ಟಿಗೆ ಸಲ್ಲುವುದು. ಪಂಪಭಾರತವನ್ನು ಓಲೆಗರಿಯಲ್ಲಿ ಓದಿದರೂ ಕಾಗದದಲ್ಲಿ ಓದಿದರೂ ಕರ್ಣನ ಪಾತ್ರದಲ್ಲಿ ಹೆಚ್ಚುಕಡಮೆಯಾಗುವುದಿಲ್ಲ. ಆದರೆ ಎಳೆಯ ಮಕ್ಕಳಿಗಾಗಿ ಹುಟ್ಟಿದ ಸಚಿತ್ರ ಗ್ರಂಥಗಳಲ್ಲಿ ಈ ನಿಯಮವು ನಿಲ್ಲಲಾರದು. ಅಲ್ಲಿ ಪುಟದ ಅಳತೆ, ಬಣ್ಣ, ಬೆಲೆ, ಒಂದೊಂದು ಪುಟದಲ್ಲಿ ಎಷ್ಟು ಮಾತಿರಬೇಕೆಂಬ ನಿರ್ಣಯ, ಇವೆಲ್ಲವೂ ಕೃತಿಯ ಅಂಗಗಳೇ ಆಗಿರುವುವು. ಶಬ್ದಾರ್ಥಗಳೆರಡೂ ಕೂಡಿಬಂದಾಗಲೇ ಕಾವ್ಯವೆಂಬುದು ಭಾಮಹನ ಮತವಷ್ಟೆ. ಈ ಬಗೆಯ ಗ್ರಂಥದಲ್ಲಿ ಶಬ್ದಕ್ಕೂ ಚಿತ್ರಕ್ಕೂ ಅಂಥದೇ ಕೂಡಿಕೆ ಬೇಕು. ಕರ್ತೃವಿನ ಮನಸ್ಸಿನಲ್ಲಿ ಅದು ಎಷ್ಟೇ ಸಿದ್ಧವಾಗಿದ್ದರೂ ಕಾಗದದ ಮೇಲೆ ಸಾಧಿಸಿಕೊಡುವವನು ಪ್ರಕಾಶಕನು. ಆದಕಾರಣ ಇಂಥ ಗ್ರಂಥಕ್ಕೆ ಪ್ರಕಾಶಕನು ದೊರೆತ ಬಗೆಯೂ, ಮೊದಲು ದೊರೆಯದೆ ಹೋದ ಕಾರಣವೂ ವಿಮರ್ಶೆಗೆ ವಿಷಯಗಳಾಗಲೇ ಬೇಕು.

ಇದಕ್ಕೆ ಬೀಟ್ರಿಕ್ಸ್ ಪಾಟರ್ ಅವರ ‘ಪೀಟರ್ ಮೊಲದ ಕಥೆ’ಗಿಂತ ತಕ್ಕ ನಿದರ್ಶನವು ಸಿಕ್ಕುವುದು ಕಷ್ಟ. ಈ ಕಿರುಹೊತ್ತಗೆಯನ್ನು ಕನಿಷ್ಠಪಕ್ಷ ಆರು ಮಂದಿ ಪ್ರಕಾಶಕರು ತಿರಸ್ಕರಿಸಿದರೆಂದೂ, ಆಕೆ ಎದೆಗುಂದದೆ ಸ್ವಂತ ವೆಚ್ಚದಿಂದ ಅಚ್ಚು ಹಾಕಿಸಿದರೆಂದೂ, ತಿರಸ್ಕರಿಸಿದವರಲ್ಲಿ ಒಬ್ಬರೇ ಅದನ್ನು ಕಂಡು ಬೆರಗಾಗಿ ಓಡಿಬಂದರೆಂದೂ ಕಥೆ ಪ್ರಸಿದ್ಧವಾಗಿದೆ. ಹೊಸ ಲೇಖಕರಿಗೂ ಚಿತ್ರಕಾರರಿಗೂ ಧೈರ್ಯ ಹೇಳಬೇಕಾದಾಗಲೆಲ್ಲ ಇದನ್ನು ಎತ್ತಿ ಹೇಳುವುದು ವಾಡಿಕೆ. ಪ್ರಕಾಶಕರು ಅರಸಿಕರು, ಕರ್ತೃವು ಎಲ್ಲವನ್ನೂ ಬಲ್ಲವರು ಎಂಬುದೇ ಇದರ ತಾತ್ಪರ್ಯವೆಂದು ತೋರುವುದು. ಇದು ಪೂರ್ವಪಕ್ಷ. ಇದರಲ್ಲಿ ಹೇಳಿದ ಸಂಗತಿಗಳು ಬಹುತೇಕ ನಿಜವಾದರೂ ತಾತ್ಪರ್ಯವು ಪರೀಕ್ಷೆಗೆ ನಿಲ್ಲುವುದಿಲ್ಲ.

ಮೊದಲನೆಯದಾಗಿ, ಪಾಟರ್ ಅವರು ೧೯೦೦ರಲ್ಲಿ ಪ್ರಕಾಶಕರ ಬಾಗಿಲಿಗೆ ಬಂದದ್ದು ಏನೂ ಅರಿಯದವರಾಗಿ ಅಲ್ಲ. ಅದಕ್ಕೂ ಹತ್ತು ವರ್ಷ ಮುಂಚೆ, ೧೮೯೦ರಲ್ಲಿಯೇ, ತಾವು ಸಾಕಿದ ಮೊಲವನ್ನು ಮಾದರಿಯಾಗಿಟ್ಟುಕೊಂಡು ಬರೆದ ಚಿತ್ರಗಳನ್ನು ಹಿಲ್ಡ್‌ಶೈಮರ್ ಮತ್ತು ಫಾಕ್ನರ್ ಎಂಬ ಸಂಸ್ಥೆಗೆ ಆರು ಪೌಂಡುಗಳಿಗೆ ಮಾರಿದ್ದರು. ಅವು ಶುಭಾಶಯದ ಕಾರ್ಡುಗಳಾದುವು. ಫ್ರೆಡರಿಕ್ ವೆದರ್ಲಿ ಎಂಬವರ ಪದ್ಯಗಳ ಕಿರುಪುಸ್ತಕವೊಂದಕ್ಕೆ ಅಲಂಕಾರವೂ ಆದುವು. ಅನಂತರ ಅರ್ನೆಸ್ಟ್ ನಿಸ್ಟರ್ ಎಂಬವರಿಗೆ ಕಪ್ಪೆಯ ಚಿತ್ರಗಳನ್ನು ಕೊಟ್ಟರು. ಅಲ್ಲಿಯೂ ಚಿತ್ರ ಇವರದು, ಪದ್ಯ ಇನ್ನೊಬ್ಬರದು. ಮುಂದೆ ೧೯೦೬ರಲ್ಲಿ ಜೆರೆಮಿ ಫಿಶರ್ ಎಂಬ ಕಪ್ಪೆಯ ಕಥೆಯನ್ನು ಹೊರತರಬೇಕಾದಾಗ ಮೊದಲು ಮಾರಿದ್ದ ಆ ಹಕ್ಕನ್ನು ನಿಸ್ಟರರಿಂದ ಮರಳಿ ಪಡೆಯಬೇಕಾಯಿತು. ಚಿತ್ರವನ್ನು ಮಾತಿನಿಂದ ಬೇರ್ಪಡಿಸಿ ಬಿಡಿಯಾಗಿ ಮಾರಿದ ಚಿತ್ರಕಾರನಿಗೆ ಒದಗುವ ನಷ್ಟವು ಹಣದ ನಷ್ಟ ಮಾತ್ರವಲ್ಲ. ಅವನ ಚಿತ್ರವು ಪರರ ಮಾತಿಗೆ ಊಳಿಗ ಮಾಡುವುದು. ಪಾಟರ್ ಅವರು ಇದನ್ನು ಅನುಭವದಿಂದ ಬಲ್ಲವರಾಗಿದ್ದರು. ಮುಂದೆ ಅವರು ತೋರಿದ ಹಟಕ್ಕೆ ಮೂಲವನ್ನು ಇಲ್ಲಿಯೇ ಹುಡುಕಬೇಕು.

ಕಥೆಯ ಹುಟ್ಟು ಎಲ್ಲರೂ ಬಲ್ಲುದು. ತಮಗೆ ಪಾಠ ಹೇಳಿದ್ದ ಆನಿ ಮೂರ್ ಎಂಬಾಕೆಯ ಮಗ ನೋಯೆಲನು ಕಾಯಿಲೆ ಮಲಗಿದ್ದಾಗ, ೧೮೯೩ರ ಸೆಪ್ಟೆಂಬರ್ ೪ರಂದು ಪಾಟರ್ ಅವನಿಗೊಂದು ಸಚಿತ್ರ ಕಾಗದವನ್ನು ಬರೆದರು. ನಾಲ್ಕು ಮೊಲದ ಮರಿಗಳು, ಅವುಗಳಲ್ಲೊಂದು ಮಾತು ಕೇಳದೆ ತೋಟಕ್ಕೆ ನುಗ್ಗಿದ್ದು, ತೋಟಗಾರನು ಅಟ್ಟಿಸಿಕೊಂಡು ಬಂದದ್ದು, ಇಷ್ಟೇ ವಸ್ತು. ಹುಡುಗನು ಆ ಕಾಗದವನ್ನು ಜೋಪಾನವಾಗಿಟ್ಟಿದ್ದನು. ಏಳು ವರ್ಷಗಳಾದ ಮೇಲೆ ಪಾಟರ್ ಅದನ್ನು ಎರವಲಾಗಿ ಪಡೆದು, ಕಥೆಯನ್ನು ಬೆಳೆಸಿ, ಚಿತ್ರಗಳನ್ನು ಹೆಚ್ಚಿಸಿ ಗ್ರಂಥರೂಪಕ್ಕೆ ತಂದರು. ಅದರ ಚಿತ್ರಗಳು ಕಪ್ಪುಬಿಳಿಯವು; ಬಣ್ಣದ್ದು ಮುಖಚಿತ್ರವೊಂದೇ.

ಇಲ್ಲಿಂದ ಮುಂದೆ ವಿವಾದವು ಯಾವುದರ ಮೇಲೆ ನಡೆಯಿತೆಂಬುದನ್ನು ಸೂಕ್ಷ್ಮವಾಗಿ ನೋಡಬೇಕು. ಅದು ಮುಖ್ಯವಾಗಿ ನಡೆದದ್ದು ಗಾತ್ರ, ಬೆಲೆ, ಬಣ್ಣ ಈ ಮೂರನ್ನು ಕುರಿತು. ದೊಡ್ಡ ಗಾತ್ರದ ಪುಸ್ತಕವು ಬೇಕೆಂದವರುಂಟು, ಬಣ್ಣವಿಲ್ಲದೆ ಆಗದೆಂದವರುಂಟು. ಪಾಟರ್ ಅವರಿಗೆ ಬೇಕಾದುದು ಮಗುವಿನ ಅಂಗೈಗೆ ಹೊಂದುವ ಪುಸ್ತಕ, ಒಂದು ಶಿಲಿಂಗಿನ ಬೆಲೆ. ಆರು ಶಿಲಿಂಗಿನ ಒಂದು ದೊಡ್ಡ ಪುಸ್ತಕಕ್ಕಿಂತ ಒಂದೊಂದು ಶಿಲಿಂಗಿನ ಎರಡು ಮೂರು ಸಣ್ಣ ಪುಸ್ತಕಗಳು ಮೇಲೆಂದೂ, ಆರು ಶಿಲಿಂಗು ತೆರುವ ಶಕ್ತಿ ಮೊಲದ ಮರಿಗಳಿಗಿಲ್ಲವೆಂದೂ ಆಕೆ ಮೂರರ ಮನೆಯ ಮಗುವೊಂದಕ್ಕೆ ವಿನೋದವಾಗಿ ಬರೆದಿರುವರು. ವಿನೋದದ ಒಳಗೆ ಗಟ್ಟಿಯಾದ ಯುಕ್ತಿಯೊಂದಿದೆ. ಶಿಶುಗ್ರಂಥಗಳಲ್ಲಿ ಕೊಳ್ಳುವವನು ಒಬ್ಬ, ಓದುವವನು ಮತ್ತೊಬ್ಬ. ಪಂಚತಂತ್ರದ ಕಾಲದಿಂದಲೂ ಹೀಗೆಯೇ. ವಿದ್ಯೆಯನ್ನು ಶಾಸನಗಳಿಗೆ ಮಾರೆನೆಂದು ವಿಷ್ಣುಶರ್ಮನು ಹೇಳಿದ್ದು ಅಮರಶಕ್ತಿ ರಾಜನಿಗೆ; ಆರು ತಿಂಗಳು ಕಥೆ ಕೇಳಿದವರು ಅವನ ಮೂವರು ಮಕ್ಕಳು. ಪ್ರಕಾಶಕರು ರಾಜನ ಮುಖವನ್ನು ನೋಡಿದರು. ಪಾಟರ್ ಅವರ ದೃಷ್ಟಿ ರಾಜಕುಮಾರರ ಕಡೆಗಿತ್ತು.

ಸ್ವಂತ ಮುದ್ರಣವು ೧೯೦೧ರ ಡಿಸೆಂಬರ್ ೧೬ರಂದು ಸಿದ್ಧವಾಯಿತು. ಪ್ರತಿಗಳು ೨೫೦, ಎರಡು ತಿಂಗಳೊಳಗೆ ಇನ್ನೂ ೨೦೦ ಪ್ರತಿಗಳು ಬೇಕಾದುವು. ಬಂಧುಮಿತ್ರರಿಗೆ ಹಂಚಿದ್ದಲ್ಲದೆ ಕೆಲವನ್ನು ಮಾರಿದರು. ಆರ್ಥರ್ ಕೊನನ್ ಡಾಯ್ಲ್ ತಮ್ಮ ಮಕ್ಕಳಿಗಾಗಿ ಒಂದು ಪ್ರತಿಯನ್ನು ಪಡೆದರೆಂದು ಹೇಳುವರು. ಆದರೆ ಈ ಪ್ರತಿಗಳನ್ನು ಕಂಡ ಮೇಲೆಯೇ ಫ್ರೆಡರಿಕ್ ವಾರ್ನ್ ಸಂಸ್ಥೆಯ ಕಣ್ಣು ತೆರೆಯಿತೆಂಬುದು ಸರಿಯಲ್ಲ. ಅಚ್ಚಿನ ಕೆಲಸವು ನಡೆಯುತ್ತಿದ್ದಾಗಲೇ ಆ ಸಂಸ್ಥೆಯೊಡನೆ ಮಾತು ಮರಳಿ ಮೊದಲಾಗಿತ್ತು. ಮಧ್ಯಸ್ಥರಾದವರು ಹಾರ್ಡ್‌ವಿಕ್ ರಾನ್ಸ್‌ಲಿ ಎಂಬ ಪಾದ್ರಿಗಳು. ಅವರು ಕಥೆಯನ್ನು ನೀತಿಬೋಧಕವಾದ ಪದ್ಯಕ್ಕೆ ತಿರುಗಿಸಿ, ಪಾಟರ್ ಅವರ ಚಿತ್ರಗಳೊಡನೆ ವಾರ್ನರಿಗೆ ಕಳುಹಿಸಿದರು. (ಸ್ನೇಹಿತರ ಉಪಕಾರವು ಕೆಲವೊಮ್ಮೆ ಹೀಗೂ ಇರುವುದು.) ವಾರ್ನರು ಪದ್ಯವನ್ನು ಒಲ್ಲದೆ ಪಾಟರ್ ಅವರ ಸರಳ ಗದ್ಯವನ್ನೇ ಕೇಳಿದರು. ಅರಸಿಕರೆಂದು ಹೆಸರಾದ ಪ್ರಕಾಶಕರು ಮಾಡಿದ ಈ ಆಯ್ಕೆಯು ಉತ್ತಮ ವಿಮರ್ಶಕನಿಗೆ ತಕ್ಕುದಾಗಿದೆ. ಪೀಟರನ ತಂದೆಯು ತೋಟಗಾರನ ಹೆಂಡತಿಯ ಕೈಯಲ್ಲಿ ಕಡುಬಿನ ಹೂರಣವಾದ ಸಂಗತಿಯನ್ನು ತಾಯಿಮೊಲವು ಸಂತೆಯ ಸುದ್ದಿಯಂತೆ ಒಂದೇ ಮಾತಿನಲ್ಲಿ ತಿಳಿಸಿಬಿಡುವುದು. ಆ ನಿರ್ವಿಕಾರವಾದ ಧಾಟಿಯಲ್ಲಿಯೇ ಕಥೆಯ ಹಾಸ್ಯವೂ ಭಯವೂ ಇವೆ. ಪ್ರಾಸದ ಗೆಜ್ಜೆ ಕಟ್ಟಿದೊಡನೆ ಎರಡೂ ಓಡಿಹೋಗುವುವು.

ಬಣ್ಣದ ವಿಷಯದಲ್ಲಿ ಸೋತವರು ಪಾಟರ್, ಸೋತದ್ದು ಒಳ್ಳೆಯದಾಯಿತು. ಒಳ್ಳೆಯ ಬಣ್ಣದ ಅಚ್ಚಿಗೆ ವೆಚ್ಚವು ಬಹಳವೆಂದೂ, ಮೊಲದ ಕಂದು ಮತ್ತು ಎಲೆಯ ಹಸುರು ಬಿಟ್ಟರೆ ಅಲ್ಲಿ ನೋಡತಕ್ಕ ಬಣ್ಣವೇ ಇಲ್ಲವೆಂದೂ ಆಕೆಯ ವಾದ. ಎರಡನೆಯ ಮಾತನ್ನು ಆಕೆಯ ಚಿತ್ರಗಳೇ ಸುಳ್ಳುಮಾಡಿವೆ. ಆ ಕಂದು ಹಸುರುಗಳ ನಡುವೆ ಪೀಟರನ ನೀಲಿ ಅಂಗಿಯೊಂದಿದೆ. ಅವನು ಅದನ್ನು ತೋಟದಲ್ಲಿ ಕಳೆದುಕೊಂಡು ಬರಿಯ ಮೊಲವಾಗಿ ಓಡುವಾಗ ನೀಲಿಯು ಪುಟದಿಂದ ಮಾಯವಾಗುವುದು. ಕಡೆಗೆ ಅದನ್ನು ತೋಟಗಾರನು ಹಕ್ಕಿಗಳನ್ನು ಬೆದರಿಸಲು ನೆಟ್ಟ ಬೆದರುಬೊಂಬೆಗೆ ತೊಡಿಸಿರುವನು. ಅಕ್ಷರ ಬಾರದ ಮಗುವೂ ಆ ನೀಲಿಯ ಹೋಗುಬರವನ್ನು ಹಿಡಿದು ಕಥೆಯನ್ನು ಓದಿಕೊಳ್ಳಬಲ್ಲುದು. ಕಪ್ಪುಬಿಳಿಯ ಮೊದಲ ಮುದ್ರಣದಲ್ಲಿ ಈ ಅರ್ಥವು ಅರ್ಧ ಮುಚ್ಚಿಹೋಗಿತ್ತು. ಇನ್ನು ವೆಚ್ಚದ ಮಾತಿಗೆ ಉತ್ತರ ಕೊಟ್ಟದ್ದು ಯಂತ್ರಕಲೆ. ಎಡ್ಮಂಡ್ ಎವಾನ್ಸ್ ಅವರು ಮೊದಲು ಮರದ ಅಚ್ಚುಗಳನ್ನು ಕೊರೆಯಿಸಿ ಬಣ್ಣದ ಪುಸ್ತಕಗಳನ್ನು ಮುದ್ರಿಸುತ್ತಿದ್ದರು. ಒಂದೊಂದು ಬಣ್ಣಕ್ಕೂ ಒಂದೊಂದು ಮರ. ಸಾವಿರಗಟ್ಟಲೆ ಪ್ರತಿಗಳಾದರೆ ಮಾತ್ರ ಗಿಟ್ಟುವುದು. ಶತಮಾನವು ತಿರುಗುವ ವೇಳೆಗೆ ಛಾಯಾಗ್ರಹಣದಿಂದ ಚಿತ್ರವನ್ನು ಮೂರು ಬಣ್ಣಗಳಾಗಿ ವಿಂಗಡಿಸಿ ಬ್ಲಾಕು ಮಾಡುವ ವಿಧಾನವು ರೂಢಿಗೆ ಬಂದಿತು. ಇದರಿಂದ ಜಲವರ್ಣದ ನಯವೂ ಉಳಿಯಿತು, ವೆಚ್ಚವೂ ತಗ್ಗಿತು. ವಾರ್ನರ ಮುದ್ರಣವು ಈ ವಿಧಾನದಿಂದ ಎವಾನ್ಸರಲ್ಲಿಯೇ ನಡೆಯಿತು. ಚಿತ್ರಗಳನ್ನು ನಲವತ್ತಕ್ಕೆ ಮೇಲ್ಪಟ್ಟಿದ್ದುದರಿಂದ ಮೂವತ್ತರ ಸುಮಾರಿಗೆ ಇಳಿಸಿದರು. ಗಾತ್ರವನ್ನು ಪಾಟರ್ ಅವರ ಇಚ್ಛೆಯಂತೆ ಬಿಟ್ಟರು. ೧೯೦೨ರ ಅಕ್ಟೋಬರಿನಲ್ಲಿ ಪುಸ್ತಕವು ಹೊರಬಂದಿತು. ಬೆಲೆ ಒಂದು ಶಿಲಿಂಗು. ಬಟ್ಟೆಯ ರಟ್ಟಿನ ಪ್ರತಿಗೆ ಒಂದೂವರೆ. ಮೊದಲ ೮,೦೦೦ ಪ್ರತಿಗಳು ಪ್ರಕಟನೆಗೆ ಮುನ್ನವೇ ಮುಗಿದುವು; ವರ್ಷಾಂತ್ಯಕ್ಕೆ ಅಚ್ಚಾದ ಪ್ರತಿಗಳು ೨೮,೦೦೦.

ಹಾಗಾದರೆ ಸಿದ್ಧಾಂತವೇನು? ಗಾತ್ರ ಮತ್ತು ಬೆಲೆಗಳಲ್ಲಿ ಕರ್ತೃವಿನ ಪಕ್ಷವು ಸರಿ. ಬಣ್ಣದಲ್ಲಿಯೂ ಚಿತ್ರಸಂಖ್ಯೆಯಲ್ಲಿಯೂ ಪ್ರಕಾಶಕರ ಪಕ್ಷವು ಸರಿ. ಇಂದು ಜಗತ್ತು ಬಲ್ಲ ‘ಪೀಟರ್ ಮೊಲದ ಕಥೆ’ಯು ೧೯೦೧ರ ಪುಸ್ತಕವಲ್ಲ, ೧೯೦೨ರ ಪುಸ್ತಕ, ಅದು ನಿರಾಕರಣೆಯನ್ನು ಗೆದ್ದು ಬಂದದ್ದಲ್ಲ, ನಿರಾಕರಣೆಯಿಂದ ತಿದ್ದಿಸಿಕೊಂಡು ಬಂದದ್ದು. ಪ್ರಕಾಶಕನ ತಿದ್ದುಗೆಯು ಯಾವಾಗಲೂ ಹಿತವೆಂದು ಇದರ ಅರ್ಥವಲ್ಲ. ‘ಗ್ಲಾಸ್ಟರಿನ ದರ್ಜಿ’ ಎಂಬ ಮುಂದಿನ ಕಥೆಯಲ್ಲಿ ತಮಗೆ ಪ್ರಿಯವಾದ ಹಳೆಯ ಶಿಶುಪ್ರಾಸಗಳಿಗೆ ವಾರ್ನರು ಕತ್ತರಿ ಹಾಕುವರೆಂದು ಎಣಿಸಿ, ಪಾಟರ್ ಅವರು ೧೯೦೨ರ ಡಿಸೆಂಬರಿನಲ್ಲಿ ಅದನ್ನೂ ಮೊದಲು ತಾವೇ ೫೦೦ ಪ್ರತಿಗಳಾಗಿ ಅಚ್ಚು ಹಾಕಿಸಿದರು. ೧೯೦೩ರ ವಾರ್ನರ ಮುದ್ರಣದಲ್ಲಿ ಕತ್ತರಿಯು ಬಿದ್ದೇ ಬಿದ್ದಿತು. ಕಥೆಯ ಓಟವು ಚುರುಕಾಯಿತೆನ್ನಬಹುದು. ಆದರೆ ಕ್ರಿಸ್ಮಸ್ ರಾತ್ರಿ ಪ್ರಾಣಿಗಳೆಲ್ಲ ಮಾತಾಡುವ ಆ ಭಾಗದ ತುಂಬುತನವು ಮೊದಲಿನದರಲ್ಲಿಯೇ ಹೆಚ್ಚು.

ಪ್ರಕಾಶಕರೊಡನೆ ನಡೆಸಿದ ವ್ಯವಹಾರದ ಬೇರೆ ಬಗೆಗಳನ್ನು ಇದರೊಡನೆ ಹೋಲಿಸಿ ನೋಡಬಹುದು. ೧೮೬೫ರಲ್ಲಿ ‘ಆಲಿಸ್’ ಕಥೆಯನ್ನು ಮ್ಯಾಕ್ಮಿಲನ್ ಸಂಸ್ಥೆಯು ಹೊರತಂದಾಗ ವೆಚ್ಚವೆಲ್ಲ ಕರ್ತೃವಾದ ಲೂಯಿಸ್ ಕ್ಯಾರಲರದು. ಸಂಸ್ಥೆಗೆ ಬರುತ್ತಿದ್ದುದು ದಲ್ಲಾಳಿ ಮಾತ್ರ. ಚಿತ್ರಕಾರರಾದ ಟೆನಿಯೆಲರಿಗೆ ಕ್ಯಾರಲರೇ ೧೩೮ ಪೌಂಡು ಕೊಟ್ಟರು. ಆಕ್ಸ್‌ಫರ್ಡಿನಲ್ಲಿ ಅಚ್ಚಾದ ೨,೦೦೦ ಪ್ರತಿಗಳ ಚಿತ್ರಮುದ್ರಣವು ಟೆನಿಯೆಲರಿಗೆ ಒಪ್ಪಿಗೆಯಾಗಲಿಲ್ಲ. ಅಷ್ಟನ್ನೂ ಹಿಂದೆಗೆದು ಬೇರೆ ಮುದ್ರಣಾಲಯದಲ್ಲಿ ಹೊಸದಾಗಿ ಅಚ್ಚು ಹಾಕಿಸಿದರು. ಹಣ ಹೂಡಿದವನು ಕರ್ತೃವೇ ಆದುದರಿಂದ ಚಿತ್ರಕಾರನ ಮಾತಿಗೆ ಇಷ್ಟು ಬೆಲೆ ಬಂದಿತು. ಇದಕ್ಕೆ ತೀರ ವ್ಯತಿರಿಕ್ತವಾದುದು ಮದರಾಸಿನಲ್ಲಿ ವೈದ್ಯಾಧಿಕಾರಿಯ ಪತ್ನಿಯಾಗಿದ್ದ ಹೆಲೆನ್ ಬ್ಯಾನರ್‌ಮನ್ ಅವರ ಅನುಭವ. ೧೮೯೯ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವರ ‘ಲಿಟ್ಲ್ ಬ್ಲ್ಯಾಕ್ ಸಾಂಬೋ’ ಕೂಡ ಅಂಗೈಯಗಲದ ಸಚಿತ್ರ ಪುಸ್ತಕ. ಅದರ ಹೆಸರಿನಲ್ಲಿರುವ ವರ್ಣತಿರಸ್ಕಾರವನ್ನು ಇಂದು ಯಾರೂ ಒಪ್ಪರು. ಆದರೂ ಅದು ಬಹುವಾಗಿ ಮಾರಾಟವಾದದ್ದೇ ಸಣ್ಣ ಗಾತ್ರದ ಬಗ್ಗೆ ವಾರ್ನರ ಮನಸ್ಸನ್ನು ಒಲಿಸಿದ ಕಾರಣಗಳಲ್ಲೊಂದು. ಬ್ಯಾನರ್‌ಮನ್ ಅವರು ಸಮುದ್ರದ ಈಚೆಗಿದ್ದರು. ಸ್ನೇಹಿತೆಯೊಬ್ಬಾಕೆ ಅವರ ಇಷ್ಟಕ್ಕೆ ವಿರುದ್ಧವಾಗಿ ಗ್ರಂಥಸ್ವಾಮ್ಯವನ್ನು ಐದು ಪೌಂಡುಗಳಿಗೆ ಒಟ್ಟಾಗಿ ಮಾರಿಬಿಟ್ಟರು. ಆಮೇಲೆ ಅಮೆರಿಕದಲ್ಲಿ ಕಂಡಕಂಡವರು ಕಂಡಕಂಡ ಚಿತ್ರಗಳನ್ನು ಸೇರಿಸಿ ಆ ಕಥೆಯನ್ನು ಅಚ್ಚು ಹಾಕಿದರು. ತಡೆಯುವ ಅಧಿಕಾರವು ಬರೆದಾಕೆಗೆ ಉಳಿದಿರಲಿಲ್ಲ. ಪಾಟರ್ ಅವರಿಗೂ ಈ ಕಂಟಕವು ತಪ್ಪಲಿಲ್ಲ. ಅಮೆರಿಕದಲ್ಲಿ ‘ಪೀಟರ್’ನ ಗ್ರಂಥಸ್ವಾಮ್ಯವನ್ನು ನೋಂದಾಯಿಸದೆ ಬಿಟ್ಟದ್ದು ವಾರ್ನರ ಲೋಪ, ೧೯೦೪ರಲ್ಲಿ ಫಿಲಡೆಲ್ಫಿಯದ ಆಲ್ಟಿಮಸ್ ಸಂಸ್ಥೆಯು ಕಳ್ಳಮುದ್ರಣವನ್ನು ಹೊರಡಿಸಿತು.

ಕನ್ನಡದ ಸ್ಥಿತಿಯನ್ನು ಈ ಬೆಳಕಿನಲ್ಲಿ ನೋಡಿದರೆ ಒಂದು ತೊಡಕು ಎದ್ದು ಕಾಣುವುದು. ೧೯೩೬ರಲ್ಲಿ ಶಿವರಾಮ ಕಾರಂತರು ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಹೊರತಂದಾಗ, ಸಾಹಸವು ಕನ್ನಡದಲ್ಲಿಯೇ ಹುಟ್ಟಿ ಕನ್ನಡದ ಮಕ್ಕಳನ್ನೇ ಎದುರಿಗಿಟ್ಟುಕೊಂಡಿತ್ತು. ಈಚೆಗೆ ಬಹುವರ್ಣದ ಶಿಶುಗ್ರಂಥಗಳು ಕನ್ನಡಕ್ಕೆ ಹೆಚ್ಚಾಗಿ ಬರುತ್ತಿರುವುದು ಬಹುಭಾಷಾ ಮಾಲೆಗಳ ಮೂಲಕ. ೧೯೫೭ರಲ್ಲಿ ಸ್ಥಾಪಿತವಾದ ನ್ಯಾಷನಲ್ ಬುಕ್ ಟ್ರಸ್ಟ್, ೧೯೯೬ರಲ್ಲಿ ಮೊದಲಾದ ಮದರಾಸಿನ ತೂಲಿಕಾ, ೨೦೦೪ರಲ್ಲಿ ಹುಟ್ಟಿದ ಬೆಂಗಳೂರಿನ ಪ್ರಥಮ್ ಬುಕ್ಸ್, ಇವು ಒಂದೇ ಚಿತ್ರಮಾಲೆಯನ್ನು ಹಲವು ಭಾಷೆಗಳಲ್ಲಿ ಒದಗಿಸಿ ಬೆಲೆಯನ್ನು ಮಕ್ಕಳಿಗೆ ಎಟುಕುವಂತೆ ಮಾಡಿವೆ. ಇದು ಶಿಲಿಂಗಿನ ನ್ಯಾಯವೇ. ಇದನ್ನು ಹಳಿಯುವುದು ಕೃತಘ್ನತೆ. ಆದರೆ ಇಂಥ ಮುದ್ರಣದ ಮರ್ಮವೇನೆಂದರೆ, ಬಣ್ಣದ ಫಲಕಗಳು ಎಲ್ಲ ಭಾಷೆಗಳಿಗೂ ಒಂದೇ. ಭಾಷೆಯಿಂದ ಭಾಷೆಗೆ ಬದಲಾಗುವುದು ಕಪ್ಪು ಮಸಿಯ ಅಕ್ಷರದ ಫಲಕವೊಂದೇ. ಚಿತ್ರದಲ್ಲಿ ಮಾತಿಗೆಂದು ಬಿಟ್ಟ ಜಾಗವು ಮೂಲಭಾಷೆಯ ವಾಕ್ಯಕ್ಕೆ ಅಳೆದದ್ದು. ಒತ್ತಕ್ಷರಗಳಿಂದ ಕೆಳಕ್ಕೂ ವಿಭಕ್ತಿ ಪ್ರತ್ಯಯಗಳಿಂದ ಅಡ್ಡಕ್ಕೂ ಬೆಳೆಯುವ ಕನ್ನಡವು ಆ ಜಾಗದಲ್ಲಿ ಮೈ ಮುದುಡಿಕೊಂಡು ಕುಳಿತುಕೊಳ್ಳಬೇಕಾಗುವುದು. ಕನ್ನಡದ ಲೇಖಕನು ಇಲ್ಲಿ ಅನುವಾದಕನಾಗಿ ಬರುವನು. ಅವನು ಬರುವ ಹೊತ್ತಿಗೆ ಗಾತ್ರ, ಬಣ್ಣ, ಪುಟ ತಿರುಗುವ ಕಡೆ, ಎಲ್ಲವೂ ನಿರ್ಣಯವಾಗಿರುವುವು. ಪಾಟರ್ ಅವರು ಎರಡು ವರ್ಷ ವಾದಿಸಿದ ಯಾವ ವಿಷಯವೂ ವಾದಕ್ಕೆ ಉಳಿದಿರುವುದಿಲ್ಲ. ಕನ್ನಡದಲ್ಲಿ ಹುಟ್ಟಿ, ಕನ್ನಡದ ವಾಕ್ಯದ ಅಳತೆಗೆ ಚಿತ್ರ ಬರೆಯಿಸಿಕೊಂಡು, ಆಮೇಲೆ ಇತರ ಭಾಷೆಗಳಿಗೆ ಜಾಗ ಬಿಟ್ಟುಕೊಡುವ ಪುಸ್ತಕವನ್ನು ಹಿಡಿದು ಬರುವ ಲೇಖಕನಿಗೂ ಚಿತ್ರಕಾರನಿಗೂ ಈ ಸಂಸ್ಥೆಗಳು ಏನು ಉತ್ತರ ಕೊಡುವುವೆಂಬುದರಿಂದಲೇ ಅವುಗಳ ಕನ್ನಡ ಶಾಖೆಯ ಯೋಗ್ಯತೆಯನ್ನು ಅಳೆಯತಕ್ಕದ್ದು.